ಎಲ್‌ವ್ಯಾಡ್ ಹಾಕಿಸಿಕೊಂಡವರು ಮನೆಗೆ ಬಂದ ಮೇಲೆ: ಕರೆಂಟು, ವೈರು, ಗಾಯ ನೋಡಿಕೊಳ್ಳುವ ಬಗೆ

ಸೋತುಹೋದ ಹೃದಯದ ಎಡ ಕೆಳಕೋಣೆಯ ತುದಿಗೆ ಹೊಲಿದು ಕೂರಿಸುವ ಪಂಪನ್ನು ಆಸ್ಪತ್ರೆಯವರು ಎಲ್‌ವ್ಯಾಡ್ ಎನ್ನುತ್ತಾರೆ. ಆ ಕೋಣೆಯ ರಕ್ತವನ್ನು ಎಳೆದುಕೊಂಡು ಒಂದು ಕೊಳವೆಯ ಮೂಲಕ ಮಹಾಪಧಮನಿಗೆ ತಳ್ಳುವುದು ಅದರ ಕೆಲಸ. ಈಗ ಹಾಕುವವುಗಳಲ್ಲಿ ಮುಖ್ಯವಾದದ್ದು ಅಬಾಟ್ ಕಂಪನಿಯ ಹಾರ್ಟ್‌ಮೇಟ್ 3. ಅದರ ಚಕ್ರವನ್ನು ಅಯಸ್ಕಾಂತವೇ ರಕ್ತದ ನಡುವೆ ತೇಲಿಸಿ ತಿರುಗಿಸುತ್ತದೆ. ಒಂದಕ್ಕೊಂದು ಉಜ್ಜುವ ಭಾಗ ಇಲ್ಲದ್ದರಿಂದ ಪಂಪ್ ತಾನಾಗಿ ಕೆಡುವುದು ತೀರಾ ಕಡಿಮೆ. ಮನೆಯಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಎದೆಯ ಹೊರಗೆ: ಗೋಡೆಯ ಸ್ವಿಚ್ಚಿನಲ್ಲಿ, ಹೊಟ್ಟೆಯಿಂದ ಹೊರಬರುವ ವೈರಿನ ಬುಡದಲ್ಲಿ, ಮಾತ್ರೆಯ ಡಬ್ಬಿಯಲ್ಲಿ. ಈ ಮೂರೂ ಮನೆಯವರ ಕೈಯಲ್ಲೇ ಇರುವುದರಿಂದ ಈ ಕೈಪಿಡಿ ಬರೆದಿರುವುದೂ ಅವರಿಗೇ.

ಇಲ್ಲಿ ಹೇಳುವ ದೀಪ, ಗುಂಡಿ, ಅಂಕಿಗಳು ಹಾರ್ಟ್‌ಮೇಟ್ 3ಕ್ಕೆ ಸೇರಿದವು. ಮೆಡ್‌ಟ್ರಾನಿಕ್ ಕಂಪನಿಯ ಎಚ್‌ವ್ಯಾಡ್ ಪಂಪಿನ ಮಾರಾಟ 2021ರ ಜೂನ್‌ನಲ್ಲಿ ನಿಂತಿತು. ಅದನ್ನು ಹಾಕಿಸಿಕೊಂಡವರ ಕಂಟ್ರೋಲರ್ (ಪಂಪನ್ನು ನಡೆಸುವ, ಸೊಂಟದಲ್ಲಿರುವ ಪೆಟ್ಟಿಗೆ), ಅಲಾರಂ ಎರಡೂ ಬೇರೆ. ಅವರು ಇಲ್ಲಿನ ಹಂತಗಳನ್ನು ಅನುಸರಿಸಬಾರದು. ನಿಮ್ಮ ಆಸ್ಪತ್ರೆಯ ವ್ಯಾಡ್ ಕೋಆರ್ಡಿನೇಟರ್ ಹೇಳಿಕೊಟ್ಟದ್ದಕ್ಕೂ ಇಲ್ಲಿ ಬರೆದದ್ದಕ್ಕೂ ವ್ಯತ್ಯಾಸ ಕಂಡರೆ ಅವರ ಮಾತನ್ನೇ ಕೇಳಿ.

ಯಾರಿಗೆ ಹಾಕುತ್ತಾರೆ

ಔಷಧಿಯನ್ನೆಲ್ಲ ಪೂರ್ತಿ ಡೋಸಿನಲ್ಲಿ ಕೊಟ್ಟರೂ ನಾಲ್ಕು ಹೆಜ್ಜೆಗೆ ಉಬ್ಬಸ ಬರುವವರಿಗೆ, ಎಕೋದಲ್ಲಿ ಇಎಫ್ (ಒಂದು ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತದ ಪಾಲು) ಶೇಕಡ 25ಕ್ಕಿಂತ ಕೆಳಗಿದ್ದು ಪದೇಪದೇ ಅಡ್ಮಿಟ್ ಆಗುವವರಿಗೆ, ಡೋಬುಟಮಿನ್‌ನಂಥ ಹೃದಯಕ್ಕೆ ಬಲ ಕೊಡುವ ಡ್ರಿಪ್ ನಿಲ್ಲಿಸಿದರೆ ಬಿಪಿ ಕುಸಿಯುವವರಿಗೆ ಇದನ್ನು ಯೋಚಿಸುತ್ತಾರೆ. ಕೆಲವರಿಗೆ ಹೃದಯ ಕಸಿ ಆಗುವವರೆಗಿನ ಆಸರೆ, ಕಸಿಗೆ ಹೊಂದದವರಿಗೆ ಇದೇ ಕೊನೆಯವರೆಗಿನ ಚಿಕಿತ್ಸೆ. ಕರ್ನಾಟಕದಲ್ಲಿ ಕಸಿಯ ಕಾಯುವ ಪಟ್ಟಿ ನೋಡಿಕೊಳ್ಳುವುದು ಜೀವಸಾರ್ಥಕತೆ ಎಂಬ ಸರ್ಕಾರಿ ಸಂಸ್ಥೆ. ಅಲ್ಲಿ ಹೆಸರು ನೋಂದಾಯಿಸುವುದು ಆಸ್ಪತ್ರೆಯ ಕೆಲಸ. ಪಟ್ಟಿಯಲ್ಲಿ ಹೆಸರಿದ್ದರೆ ಮನೆಯ ಒಂದಾದರೂ ಫೋನು ರಾತ್ರಿಯೂ ಆನ್ ಇರಲಿ.

ಒಂದು ವಿಷಯವನ್ನು ಆಪರೇಷನ್‌ಗೆ ಮೊದಲೇ ಕೇಳಿ ತಿಳಿದುಕೊಳ್ಳಿ. ಈ ಪಂಪ್ ಎಡಭಾಗಕ್ಕೆ ಮಾತ್ರ ಕೆಲಸ ಮಾಡುತ್ತದೆ. ಎಡಕ್ಕೆ ರಕ್ತ ತಂದುಕೊಡಬೇಕಾದದ್ದು ಬಲ ಹೃದಯ. ಅದೂ ದುರ್ಬಲವಾಗಿದ್ದರೆ ಪಂಪಿಗೆ ತಳ್ಳಲು ರಕ್ತವೇ ಸಿಗದು. ಕಾಲು ಊತ, ಹೊಟ್ಟೆ ಉಬ್ಬರ, ಯಕೃತ್ತಿನ ತೊಂದರೆ ಉಳಿದುಬಿಡುತ್ತವೆ. “ಬಲಗಡೆ ಹೇಗಿದೆ?” ಎಂದು ಡಾಕ್ಟರನ್ನು ನೇರವಾಗಿಯೇ ಕೇಳಿ.

ಡಿಸ್ಚಾರ್ಜ್‌ಗೆ ಮೊದಲು ಮನೆಯ ಕರೆಂಟು

ರೋಗಿ ಐಸಿಯುನಿಂದ ವಾರ್ಡಿಗೆ ಬಂದ ದಿನವೇ ಎಲೆಕ್ಟ್ರೀಷಿಯನ್‌ನನ್ನು ಮನೆಗೆ ಕರೆಸಿ. ರಾತ್ರಿ ಮಲಗುವಾಗ ಪಂಪ್ ನಡೆಯುವುದು ಮಂಚದ ಪಕ್ಕದ ಪವರ್ ಯೂನಿಟ್‌ನಿಂದ, ಅದು ನಡೆಯುವುದು ಗೋಡೆಯ ಕರೆಂಟಿನಿಂದ. ಆ ಸಾಕೆಟ್ ಮೂರು ಪಿನ್ನಿನದಾಗಿರಬೇಕು, ಅರ್ಥಿಂಗ್ ನಿಜಕ್ಕೂ ಇರಬೇಕು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದೂ ಹಿಂದೆ ಅರ್ಥ್ ವೈರೇ ಇಲ್ಲದಿರಬಹುದು. ಎಲೆಕ್ಟ್ರೀಷಿಯನ್ ಮೀಟರ್ ಇಟ್ಟು ನೋಡಲಿ: ಫೇಸ್ ಮತ್ತು ಅರ್ಥ್ ನಡುವೆ ಸುಮಾರು 230 ವೋಲ್ಟ್ ಬರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್‌ಗಿಂತ ಹೆಚ್ಚು ಬರಬಾರದು. ಎಕ್ಸ್‌ಟೆನ್ಷನ್ ಬೋರ್ಡ್, ಟೂ ಪಿನ್ ಅಡಾಪ್ಟರ್ ಎರಡೂ ಬೇಡ.

ಈಗ ಸ್ವಿಚ್ಚಿನ ಮಾತು. ಗೋಡೆ ಸ್ವಿಚ್ಚಿನ ಹಿಡಿತದಲ್ಲಿರುವ ಸಾಕೆಟ್‌ಗೆ ಪವರ್ ಯೂನಿಟ್ ಹಾಕಬಾರದು ಎಂಬುದು ಪಂಪಿನ ನಿಯಮ. ನಮ್ಮ ಮನೆಗಳಲ್ಲಿ ಸ್ವಿಚ್ ಇಲ್ಲದ ಸಾಕೆಟ್ ಹುಡುಕಿದರೂ ಸಿಗುವುದಿಲ್ಲ. ಮೇಲಾಗಿ ಕೋಣೆಯಿಂದ ಹೊರಡುವಾಗ ಸ್ವಿಚ್ಚುಗಳನ್ನೆಲ್ಲ ಸಾಲಾಗಿ ಆರಿಸಿ ಬರುವುದು ನಮ್ಮಲ್ಲಿ ಒಳ್ಳೆಯ ಅಭ್ಯಾಸ. ಅತ್ತೆಯ ಕೈ, ಕಸ ಗುಡಿಸುವವರ ಕೈ, ನೆಂಟರ ಮಗುವಿನ ಕೈ ಯೋಚಿಸದೆ ಆ ಕಡೆ ಹೋಗುತ್ತದೆ. ಆದ್ದರಿಂದ ಆ ಒಂದು ಸಾಕೆಟ್ಟಿಗೆ ಎಂಸಿಬಿಯಿಂದ ನೇರ ಲೈನ್ ಎಳೆಸಿ, ಸ್ವಿಚ್ಚನ್ನು ತೆಗೆಸಿ ಖಾಲಿ ಪ್ಲೇಟ್ ಹಾಕಿಸಿ. ಆ ಎಂಸಿಬಿಯ ಮೇಲೆ “ಆರಿಸಬೇಡಿ, ಹೃದಯದ ಪಂಪ್” ಎಂದು ದೊಡ್ಡ ಅಕ್ಷರದಲ್ಲಿ ಬರೆದಂಟಿಸಿ. ಬಾಡಿಗೆ ಮನೆಯಾಗಿ ಮಾಲೀಕರು ಒಪ್ಪದಿದ್ದರೆ ಕನಿಷ್ಠ ಸ್ವಿಚ್ ಮುಚ್ಚುವ ಪ್ಲಾಸ್ಟಿಕ್ ಡಬ್ಬಿಯನ್ನಾದರೂ ಹಾಕಿಸಿ. ಬರೀ ಟೇಪ್ ಅಂಟಿಸಿದರೆ ತಿಂಗಳೊಳಗೆ ಕಿತ್ತುಬರುತ್ತದೆ.

ಕರೆಂಟ್ ಹೋದರೆ ಪವರ್ ಯೂನಿಟ್ ಕೂಗುತ್ತದೆ. ಆ ಕೂಗಿಗೆ ಬೇಕಾದ ಶಕ್ತಿ ಅದರೊಳಗಿನ ಮೂರು ಎಎ ಸೆಲ್ಲುಗಳದು; ಆರು ತಿಂಗಳಿಗೊಮ್ಮೆ ಅವನ್ನು ಬದಲಿಸಿ. ಪಂಪ್ ತಕ್ಷಣ ನಿಲ್ಲುವುದಿಲ್ಲ. ಸೊಂಟದ ಕಂಟ್ರೋಲರ್‌ನೊಳಗಿನ ಸಣ್ಣ ಬ್ಯಾಟರಿ ಸುಮಾರು 15 ನಿಮಿಷ ನಡೆಸುತ್ತದೆ. ಅಷ್ಟರೊಳಗೆ ದೊಡ್ಡ ಬ್ಯಾಟರಿಗಳಿಗೆ ಬದಲಿಸಬೇಕು. ಕತ್ತಲಲ್ಲಿ ತಡಕಾಡುವ ಹೊತ್ತು ಇದಲ್ಲವಾದ್ದರಿಂದ ದಿಂಬಿನ ಪಕ್ಕದಲ್ಲಿ ಕ್ಲಿಪ್ (ಬ್ಯಾಟರಿಯನ್ನು ಕೇಬಲ್‌ಗೆ ಸೇರಿಸುವ ಹಿಡಿ) ಸಿಕ್ಕಿಸಿದ ಒಂದು ಜೊತೆ ಬ್ಯಾಟರಿ, ಒಂದು ಟಾರ್ಚ್ ಯಾವಾಗಲೂ ಇರಲಿ. ಇನ್ವರ್ಟರ್ ಅಥವಾ ಅಪಾರ್ಟ್‌ಮೆಂಟಿನ ಜನರೇಟರ್ ಇದ್ದರೆ ಅನುಕೂಲವೇ, ಆದರೆ ಅದನ್ನು ನಂಬಿ ಬ್ಯಾಟರಿ ಚಾರ್ಜ್ ಮಾಡದೆ ಇರಬೇಡಿ. ಏಪ್ರಿಲ್, ಮೇ ತಿಂಗಳ ಸಂಜೆ ಮಳೆಗೆ ಮರ ಬಿದ್ದು ಲೈನ್ ಹರಿದರೆ ರಾತ್ರಿಯಿಡೀ ಕರೆಂಟ್ ಬಾರದಿರುವುದು ಬೆಂಗಳೂರಿನಲ್ಲಿ ಹೊಸದಲ್ಲ. ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಹಾಕಿ, ಮನೆಯಲ್ಲಿ ಜೀವರಕ್ಷಕ ಯಂತ್ರವಿದೆ ಎಂಬ ಆಸ್ಪತ್ರೆಯ ಪತ್ರ ಲಗತ್ತಿಸಿ, ಬೆಸ್ಕಾಂ ಉಪವಿಭಾಗದ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಸಹಾಯವಾಣಿ 1912. ಪತ್ರ ಕೊಟ್ಟರೆ ಕರೆಂಟ್ ಹೋಗುವುದೇ ಇಲ್ಲ ಎಂದಲ್ಲ. ದೂರು ಹೇಳುವಾಗ ಮಾತಿಗೆ ತೂಕ ಬರುತ್ತದೆ.

ಬ್ಯಾಟರಿ ಬದಲಿಸುವುದು

ಎರಡು ಬ್ಯಾಟರಿ ಒಟ್ಟಿಗೆ ಕೆಲಸ ಮಾಡುತ್ತವೆ. ಹೊಸ ಜೊತೆ ಪೂರ್ತಿ ತುಂಬಿದ್ದರೆ ಹೆಚ್ಚೆಂದರೆ 17 ಗಂಟೆ. ಹಳೆಯದಾದಂತೆ, ಪಂಪಿನ ವೇಗ ಹೆಚ್ಚಿದ್ದಂತೆ ಕಡಿಮೆಯಾಗುತ್ತದೆ. ಬ್ಯಾಟರಿಯ ಮೇಲಿನ ಗುಂಡಿ ಒತ್ತಿದರೆ ಹಸಿರು ದೀಪಗಳು ಹತ್ತುತ್ತವೆ. ನಾಲ್ಕೂ ಹತ್ತಿದರೆ ತುಂಬಿದೆ, ಒಂದೇ ಹತ್ತಿದರೆ ಕಾಲು ಭಾಗ ಮಾತ್ರ ಉಳಿದಿದೆ. ಒಂದು ದೀಪಕ್ಕೆ ಇಳಿಯುವವರೆಗೆ ಕಾಯಬೇಡಿ.

ಎಲ್ಲಕ್ಕಿಂತ ದೊಡ್ಡ ನಿಯಮ ಒಂದೇ: ಕಂಟ್ರೋಲರ್‌ನ ಎರಡೂ ಕೇಬಲ್‌ಗಳನ್ನು ಒಟ್ಟಿಗೆ ಬಿಚ್ಚಕೂಡದು. ಯಾವ ಹೊತ್ತಿನಲ್ಲೂ ಒಂದು ಕಡೆ ಕರೆಂಟ್ ಇರಲೇಬೇಕು.

1. ಹೊಸ ಎರಡು ಬ್ಯಾಟರಿಗಳ ದೀಪ ಒತ್ತಿ ನೋಡಿ, ಕೈಗೆಟಕುವಲ್ಲಿ ಇಟ್ಟುಕೊಳ್ಳಿ. ರೋಗಿ ಕುಳಿತಿರಲಿ.
2. ಒಂದು ಕ್ಲಿಪ್ಪಿನ ಗುಂಡಿ ಒತ್ತಿ ಹಳೆಯ ಬ್ಯಾಟರಿ ಎಳೆಯಿರಿ. ಕಂಟ್ರೋಲರ್ ಬೀಪ್ ಮಾಡುತ್ತದೆ, ದೀಪ ಮಿನುಗುತ್ತದೆ. ಇದು ಆಗಬೇಕಾದದ್ದೇ, ಗಾಬರಿಯಲ್ಲಿ ಇನ್ನೊಂದನ್ನು ಮುಟ್ಟಬೇಡಿ.
3. ಬ್ಯಾಟರಿಯ ಕೆಂಪು ಬಾಣವನ್ನು ಕ್ಲಿಪ್ಪಿನ ಕೆಂಪು ಬಾಣಕ್ಕೆ ಸರಿಹೊಂದಿಸಿ, ಟಕ್ ಎನ್ನುವವರೆಗೆ ತಳ್ಳಿ. ಮೆಲ್ಲಗೆ ಎಳೆದು ನೋಡಿ, ಹೊರಗೆ ಬರಬಾರದು.
4. ಬೀಪ್ ನಿಂತಿತೇ ಎಂದು ಕೇಳಿ, ನಿಂತ ಮೇಲೆಯೇ ಎರಡನೆಯದಕ್ಕೆ ಹೋಗಿ.

ರಾತ್ರಿ ಪವರ್ ಯೂನಿಟ್‌ಗೆ ಬದಲಿಸುವಾಗಲೂ ಇದೇ ಕ್ರಮ: ಬಿಳಿ ಕೇಬಲ್ ಬಿಳಿಗೆ, ಅದು ಸೇರಿ ಅಲಾರಂ ನಿಂತ ಮೇಲೆ ಕಪ್ಪು ಕಪ್ಪಿಗೆ. ಕನೆಕ್ಟರ್‌ನೊಳಗಿನ ಅರ್ಧಚಂದ್ರಾಕಾರಗಳು ಕೂಡಿಕೊಳ್ಳಬೇಕು. ಕೂಡದಿದ್ದರೆ ಬಲ ಹಾಕಿದಷ್ಟೂ ಪಿನ್ ಬಾಗುತ್ತದೆ. ತಿರುಗಿಸಿ ಮತ್ತೆ ನೋಡಿ. ತಿರುಪನ್ನು ಬೆರಳಿನಿಂದಲೇ ಬಿಗಿ ಮಾಡಿ, ಇಕ್ಕಳ ಹಚ್ಚಬೇಡಿ. ಬ್ಯಾಟರಿ ಹಾಕಿಕೊಂಡೇ ನಿದ್ದೆ ಹೋಗಬಾರದು. ಗಾಢ ನಿದ್ದೆಯಲ್ಲಿ, ಅದರಲ್ಲೂ ಹೊದ್ದು ಮಲಗಿದಾಗ, ಬ್ಯಾಟರಿ ಮುಗಿಯುವ ಅಲಾರಂ ಕೇಳಿಸದೇ ಹೋಗಬಹುದು. ಮಧ್ಯಾಹ್ನ ಊಟದ ಮೇಲಿನ ಜೊಂಪಿಗೂ ಇದೇ ಮಾತು.

ಚಾರ್ಜರ್‌ನಲ್ಲಿ ನಾಲ್ಕು ಬ್ಯಾಟರಿ ಹಿಡಿಯುತ್ತವೆ, ತುಂಬಲು ಸುಮಾರು 4 ಗಂಟೆ ಬೇಕು. ಬ್ಯಾಟರಿಗಳ ಮೇಲೆ 1ರಿಂದ 8ರವರೆಗೆ ಅಂಕಿ ಬರೆದು ಸರದಿಯ ಪ್ರಕಾರ ಬಳಸಿ. ಇಲ್ಲವಾದರೆ ಕೈಗೆ ಮೊದಲು ಸಿಗುವ ಎರಡೇ ಸವೆಯುತ್ತವೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟುಬರಬೇಡಿ. 36 ತಿಂಗಳು ಅಥವಾ 360 ಸಲ ಚಾರ್ಜ್ ಆದ ಬ್ಯಾಟರಿಯನ್ನು, ದೀಪ ನಾಲ್ಕೂ ಹತ್ತುತ್ತಿದ್ದರೂ, ಬದಲಿಸಬೇಕು.

ವೈರು ಹೊರಬರುವ ಜಾಗ

ಪಂಪಿನಿಂದ ಹೊರಟ ಡ್ರೈವ್‌ಲೈನ್ ಎಂಬ ವೈರು ಹೊಟ್ಟೆಯ ಚರ್ಮ ತೂರಿ ಹೊರಗೆ ಬರುತ್ತದೆ. ಆ ತೂತು ಎಂದಿಗೂ ಪೂರ್ತಿ ಮುಚ್ಚಿದ ಗಾಯವಲ್ಲ. ಚರ್ಮ ವೈರನ್ನು ಅಪ್ಪಿ ಹಿಡಿದಿರುತ್ತದೆ, ಅಷ್ಟೇ. ಒಂದು ಸಲ ಜಗ್ಗಿದರೆ ಆ ಅಪ್ಪುಗೆ ಹರಿಯುತ್ತದೆ, ಸೂಕ್ಷ್ಮಾಣು ವೈರಿನ ಗುಂಟ ಒಳಗೆ ನಡೆಯುತ್ತದೆ. ಹೊರಗೆ ಕೀವು ಕಾಣುವ ಹೊತ್ತಿಗೆ ಸೋಂಕು ಎಷ್ಟೋ ಒಳಗೆ ಇಳಿದಿರಬಹುದು. ಆಮೇಲೆ ತಿಂಗಳುಗಟ್ಟಲೆ ಆಂಟಿಬಯಾಟಿಕ್, ಕೆಲವೊಮ್ಮೆ ಮತ್ತೆ ಆಪರೇಷನ್. ಆದ್ದರಿಂದ ಡ್ರೆಸಿಂಗ್ ಕಲಿಯುವವರು ಮನೆಯಲ್ಲಿ ಇಬ್ಬರಿರಲಿ. ಒಬ್ಬರಿಗೆ ನೆಗಡಿಯಾದ ದಿನ ಇನ್ನೊಬ್ಬರು ಮಾಡಬೇಕು.

ಮೊದಲು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ನಾಯಿ ಬೆಕ್ಕಿದ್ದರೆ ಹೊರಗೆ ಕಳಿಸಿ. ರೋಗಿಗೂ ನಿಮಗೂ ಮಾಸ್ಕ್. ಉಂಗುರ, ಬಳೆ ತೆಗೆದಿಟ್ಟು ಸೋಪಿನಿಂದ ಕೈ ತೊಳೆಯಿರಿ. ಸಾದಾ ಗ್ಲೌಸ್ ಹಾಕಿ ಹಳೆಯ ಡ್ರೆಸಿಂಗನ್ನು ವೈರಿನ ಕಡೆಗೆ ಬಿಡಿಸುತ್ತಾ ಬನ್ನಿ. ಒಂದು ಕೈ ವೈರನ್ನು ಹಿಡಿದೇ ಇರಲಿ. ಬಿಚ್ಚಿದ ಗಾಜ್ ಬಟ್ಟೆಯನ್ನು ಎಸೆಯುವ ಮೊದಲು ನೋಡಿ, ಮೂಸಿ: ಬಣ್ಣ, ತೇವ, ವಾಸನೆ. ಗ್ಲೌಸ್ ಬಿಸಾಡಿ ಮತ್ತೆ ಕೈ ತೊಳೆದು ಸ್ಟೆರೈಲ್ ಗ್ಲೌಸ್ ಹಾಕಿಕೊಳ್ಳಿ. ಕ್ಲೋರ್‌ಹೆಕ್ಸಿಡಿನ್‌ನಿಂದ ತೂತಿನ ಬುಡದಿಂದ ಹೊರಕ್ಕೆ ಒರೆಸಿ. ಹೊರಗೆ ಹೋದ ಸ್ವಾಬ್ ಮತ್ತೆ ಒಳಕ್ಕೆ ಬರಬಾರದು. ವೈರನ್ನೂ ಒಂದೆರಡು ಇಂಚು ಒರೆಸಿ. ಆಮೇಲೆ ಅದು ತಾನಾಗಿ ಒಣಗಲಿ. ಉಫ್ ಎಂದು ಊದುವುದು, ಬೀಸಣಿಗೆ ಬೀಸುವುದು ಮಾಡಿದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ನೀರುಪಾಲು. ಒದ್ದೆಯಿರುವಾಗಲೇ ಮುಚ್ಚಿದರೆ ಚರ್ಮ ಸುಟ್ಟಂತೆ ಕೆಂಪಾಗುತ್ತದೆ, ಜನ ಅದನ್ನೇ ಸೋಂಕು ಎಂದುಕೊಳ್ಳುತ್ತಾರೆ. ಒಣಗಿದ ಮೇಲೆ ಸ್ಟೆರೈಲ್ ಗಾಜ್, ಅದರ ಮೇಲೆ ಡ್ರೆಸಿಂಗ್, ಕೊನೆಗೆ ವೈರನ್ನು ಚರ್ಮಕ್ಕೆ ಹಿಡಿಸುವ ಆಂಕರ್. ಆಂಕರ್ ಮತ್ತು ತೂತಿನ ನಡುವೆ ವೈರು ಸ್ವಲ್ಪ ಸಡಿಲವಾಗಿ ಬಾಗಿರಲಿ. ಎಳೆದರೆ ಏಟು ಆಂಕರ್‌ಗೆ ಬೀಳಬೇಕು, ಗಾಯಕ್ಕಲ್ಲ.

ಅರಿಶಿನ, ಕೊಬ್ಬರಿ ಎಣ್ಣೆ, ವಿಭೂತಿ, ಪೌಡರ್, ಮನೆಯಲ್ಲಿ ಉಳಿದ ಯಾವುದೋ ಆಯಿಂಟ್‌ಮೆಂಟ್, ಇವು ಯಾವುವೂ ಅಲ್ಲಿಗೆ ಬೇಡ. ವೈರಿನ ಮಖಮಲ್ಲಿನಂಥ ಒರಟು ಹೊದಿಕೆ ಚರ್ಮದೊಳಗೇ ಇರಬೇಕು. ಅದು ಹೊರಗೆ ಇಣುಕಿದರೆ ವೈರು ಜರುಗಿದೆ ಎಂದರ್ಥ. ಹಾಗಾದರೂ, ಕೆಂಪು, ನೋವು, ರಸ, ಜ್ವರ ಕಂಡರೂ ಅವತ್ತೇ ಫೋಟೋ ತೆಗೆದು ಕೋಆರ್ಡಿನೇಟರ್‌ಗೆ ಕಳಿಸಿ. ನಾಳೆ ನೋಡೋಣ ಎನ್ನಬೇಡಿ.

ಬಟ್ಟೆಯ ಕಡೆಗೂ ಗಮನ ಕೊಡಿ. ಒಳಲಂಗದ ಲಾಡಿ, ಪೈಜಾಮದ ಲಾಡಿ, ಬಿಗಿಯಾದ ಬೆಲ್ಟು ವೈರಿನ ಮೇಲೆ ಕೂತರೆ ಪ್ರತಿ ಸಲ ಬಗ್ಗಿದಾಗಲೂ ಬುಡ ಅಲುಗುತ್ತದೆ. ಲಾಡಿಯನ್ನು ವೈರಿಗಿಂತ ಕೆಳಗೆ ಇಳಿಸಿ ಕಟ್ಟಿ, ಹೆಂಗಸರಿಗೆ ನೈಟಿ ಅಥವಾ ಸಡಿಲ ಚೂಡಿದಾರ್ ಹಿತ. ಕಂಟ್ರೋಲರನ್ನು ಮಂಚದ ಮೇಲಿಟ್ಟು ಮರೆತು ಎದ್ದುಬಿಡುವುದು, ಬಾಗಿಲ ಹಿಡಿಗೆ ವೈರು ಸಿಕ್ಕಿಕೊಳ್ಳುವುದು, ಇವೇ ಜಗ್ಗಾಟಕ್ಕೆ ಹೆಚ್ಚಿನ ಕಾರಣ.

ಸ್ನಾನ? ಡಾಕ್ಟರ್ ಒಪ್ಪುವವರೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದಷ್ಟೇ. ಒಪ್ಪಿದ ಮೇಲೂ ಕಂಪನಿಯ ಶವರ್ ಬ್ಯಾಗ್ ಇದ್ದರೆ ಮಾತ್ರ. ಬಕೆಟ್‌ನಿಂದ ಚೊಂಬಿನಲ್ಲಿ ಹುಯ್ದುಕೊಳ್ಳುವುದು ಅಪಾಯ, ನೀರು ಎಲ್ಲಿಗೆ ಹರಿಯುತ್ತದೆ ಎಂಬುದು ಕೈಯಲ್ಲಿರುವುದಿಲ್ಲ. ದೀಪಾವಳಿಯ ಎಣ್ಣೆ ನೀರು ತಲೆಗಷ್ಟೇ ಸಾಕು. ಮೈಗೆ ಹಚ್ಚಿದ ಎಣ್ಣೆ ಹೊಟ್ಟೆಗಿಳಿದರೆ ಡ್ರೆಸಿಂಗ್ ಅಂಟುವುದೇ ಇಲ್ಲ. ಈಜುಕೊಳ, ಹೊಳೆ, ತೀರ್ಥಸ್ನಾನ ಪೂರ್ತಿ ನಿಷಿದ್ಧ.

ದಿನದ ಪುಸ್ತಕ

ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮೊದಲು ತೂಕ ನೋಡಿ. ಕಂಟ್ರೋಲರ್ ಪರದೆಯ ನಾಲ್ಕು ಅಂಕಿ ಬರೆಯಿರಿ: ವೇಗ, ಹರಿವು, ಪಿಐ (ಹೃದಯದ ಸ್ವಂತ ಬಡಿತದಿಂದ ಹರಿವಿನಲ್ಲಾಗುವ ಏರಿಳಿತ), ಪವರ್ (ಪಂಪ್ ಎಳೆಯುವ ವಿದ್ಯುತ್). ವೇಗವನ್ನು ಡಾಕ್ಟರ್ ಹೊಂದಿಸಿರುತ್ತಾರೆ, ಸಾಮಾನ್ಯವಾಗಿ ನಿಮಿಷಕ್ಕೆ 5000ದಿಂದ 6000 ಸುತ್ತು, ಅದು ಬದಲಾಗಬಾರದು. ಕಂಟ್ರೋಲರ್ ಮೇಲಿನ ಬ್ಯಾಟರಿ ಗುಂಡಿಯನ್ನು 5 ಸೆಕೆಂಡ್ ಒತ್ತಿ ಹಿಡಿದರೆ ಎಲ್ಲ ದೀಪ ಹತ್ತಿ ಅಲಾರಂ ಕೂಗುತ್ತದೆ. ಈ ಪರೀಕ್ಷೆಯನ್ನು ದಿನಕ್ಕೊಮ್ಮೆ ಮಾಡಿ.

ಹರಿವಿನ ಅಂಕಿ ಅಳೆದದ್ದಲ್ಲ, ವೇಗ ಮತ್ತು ಪವರ್‌ನಿಂದ ಲೆಕ್ಕ ಹಾಕಿದ್ದು. ಹಾಗಾಗಿ ಪಕ್ಕದ ಹಾಸಿಗೆಯವರ ಅಂಕಿಗೆ ಹೋಲಿಸಬೇಡಿ, ನಿಮ್ಮವರ ನಿನ್ನೆಯ ಅಂಕಿಗೆ ಹೋಲಿಸಿ. ಹರಿವು, ಪಿಐ ಎರಡೂ ಇಳಿದರೆ ಮೊದಲು ನೆನೆಯಬೇಕಾದ್ದು ಮೈಯಲ್ಲಿ ನೀರು ಕಮ್ಮಿಯಾಗಿರುವುದನ್ನು: ಭೇದಿ, ವಾಂತಿ, ಬಿಸಿಲು, ಇವುಗಳ ಮೇಲೆ ಎಂದಿನ ಮೂತ್ರದ ಮಾತ್ರೆಯೂ ಸೇರಿದ್ದರೆ ಪಂಪ್ ಖಾಲಿ ಕೋಣೆಯ ಗೋಡೆಯನ್ನೇ ಎಳೆದುಕೊಳ್ಳತೊಡಗುತ್ತದೆ. ಫೋನ್ ಮಾಡಿ, ಮಾತ್ರೆ ತಡೆಯಬೇಕೇ ಎಂದು ಕೇಳಿ. ಪವರ್ ಮಾತ್ರ ಏರುತ್ತಾ ಹೋಗಿ ಮೂತ್ರ ಕೋಲಾದಂತೆ ಕಪ್ಪಾದರೆ ಪಂಪಿನಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಆಸ್ಪತ್ರೆಗೆ ಹೊರಡಿ. ಒಂದು ದಿನದಲ್ಲಿ ಒಂದು ಕೆಜಿಗಿಂತ, ವಾರದಲ್ಲಿ ಎರಡಕ್ಕಿಂತ ಹೆಚ್ಚು ತೂಕ ಏರಿದರೆ ಅದು ನೀರು. ಬಲ ಹೃದಯ ಸೋಲುತ್ತಿರುವ ಸುಳಿವು.

ರಕ್ತ ತೆಳು ಮಾಡುವ ಮಾತ್ರೆ

ವಾರ್ಫರಿನ್ ಅಥವಾ ಅಸಿಟ್ರಾಮ್ ಜೀವನಪೂರ್ತಿ. ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ಸಾಮಾನ್ಯವಾಗಿ 2ರಿಂದ 3ರ ನಡುವೆ ಇರಬೇಕು. ಇಳಿದರೆ ಹೆಪ್ಪು, ಪಾರ್ಶ್ವವಾಯು, ಏರಿದರೆ ರಕ್ತಸ್ರಾವ. 2023ರಲ್ಲಿ ಪ್ರಕಟವಾದ ಏರೀಸ್ ಅಧ್ಯಯನ, ಹಾರ್ಟ್‌ಮೇಟ್ 3 ಇರುವವರಿಗೆ ಆಸ್ಪಿರಿನ್ ಬಿಟ್ಟರೆ ಹೆಪ್ಪು ಹೆಚ್ಚದೆ ರಕ್ತಸ್ರಾವ ಕಡಿಮೆಯಾಗುತ್ತದೆ ಎಂದು ತೋರಿಸಿತು. ಆದರೂ ಸ್ಟೆಂಟ್ ಇರುವವರ ವಿಚಾರ ಬೇರೆ, ನೀವಾಗಿ ನಿಲ್ಲಿಸಬೇಡಿ.

ಸೊಪ್ಪು ಬಿಡಬೇಕಿಲ್ಲ. ದಂಟು, ಪಾಲಕ್, ಬಸಳೆಯಲ್ಲಿನ ವಿಟಮಿನ್ ಕೆ ಮಾತ್ರೆಗೆ ಎದುರಾಗಿ ಕೆಲಸ ಮಾಡುತ್ತದೆ, ನಿಜ. ಆದರೆ ವಾರಕ್ಕೆ ಎರಡು ದಿನ ಸೊಪ್ಪಿನ ಸಾರು ಎಂದು ಗೊತ್ತಾದರೆ ಡಾಕ್ಟರ್ ಅದಕ್ಕೆ ತಕ್ಕ ಡೋಸ್ ಕೊಡುತ್ತಾರೆ. ತೊಂದರೆ ಕೊಡುವುದು ಏರಿಳಿತ: ತಿಂಗಳು ಬಿಟ್ಟು, ಊರಿಂದ ಬಂದ ಸೊಪ್ಪನ್ನು ನಾಲ್ಕು ದಿನ ಸತತ ಉಣ್ಣುವುದು. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡವೇ ಬೇಡ. ಪ್ಯಾರಸಿಟಮಾಲ್ ಆಗಬಹುದು, ಆದರೆ ದಿನವೂ ನುಂಗಿದರೆ ಅದೂ ಐಎನ್‌ಆರ್ ಏರಿಸುತ್ತದೆ. ಕಷಾಯ, ಲೇಹ್ಯ, ನಾಟಿ ಔಷಧಿ ಏನೇ ಇರಲಿ, ಕೇಳಿಯೇ ಕೊಡಿ. ಮಲ ಟಾರಿನಂತೆ ಕಪ್ಪಾದರೆ ಕರುಳಿನಲ್ಲಿ ರಕ್ತ ಸೋರುತ್ತಿರಬಹುದು. ತಿರುಗುವ ಪಂಪ್ ರಕ್ತ ಹೆಪ್ಪುಗಟ್ಟಿಸುವ ಒಂದು ಪ್ರೋಟೀನನ್ನು ತುಂಡರಿಸುವುದರಿಂದ ಇವರಿಗೆ ಇದು ಹೆಚ್ಚು. ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗುತ್ತದೆ, ಆದರೆ ಅದನ್ನು ನಿರ್ಧರಿಸುವುದು ರಕ್ತ ಪರೀಕ್ಷೆ, ನಾವಲ್ಲ.

ಹೊರಗೆ ಹೋಗುವಾಗ

ಜೊತೆಗಿರಬೇಕಾದ ಬ್ಯಾಗಿನಲ್ಲಿ ಬದಲಿ ಕಂಟ್ರೋಲರ್, ತುಂಬಿದ ಒಂದು ಜೊತೆ ಬ್ಯಾಟರಿ, ಎರಡು ಕ್ಲಿಪ್, ಆಸ್ಪತ್ರೆಯ ಕಾರ್ಡ್. ಪಕ್ಕದ ಬೀದಿಯ ಅಂಗಡಿಗೆ ಹೋದರೂ ಇದು ಬೇಕು. ಸ್ಕೂಟರ್, ಬೈಕ್ ಬೇಡ. ಹಂಪು, ಗುಂಡಿಗಳ ರಸ್ತೆಯಲ್ಲಿ ವೈರು ಜಗ್ಗುತ್ತದೆ. ಮೆಟ್ರೋ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಪತ್ರ ತೋರಿಸಿ, ಕಂಟ್ರೋಲರ್ ಬಿಚ್ಚಲು ಹೇಳಿದರೆ ಒಪ್ಪಬೇಡಿ. ಬ್ಯಾಟರಿಗಳು ಲಿಥಿಯಂನವು, ಕೈಚೀಲದಲ್ಲೇ ಒಯ್ಯಿರಿ. ಎಂಆರ್‌ಐ ಯಾವ ಕಾರಣಕ್ಕೂ ಆಗದು. ಸಿಟಿ, ಎಕ್ಸ್‌ರೇ ಆಗುತ್ತದೆ.

ಅಲಾರಂ ಕೂಗಿದಾಗ, ಮತ್ತು ನಾಡಿ ಸಿಗದಾಗ

ಹಳದಿ ಬ್ಯಾಟರಿ ಗುರುತು ಬಂದರೆ 15 ನಿಮಿಷಕ್ಕಿಂತ ಕಡಿಮೆ ಶಕ್ತಿ ಉಳಿದಿದೆ, ಕೆಂಪು ಬಂದರೆ 5 ನಿಮಿಷಕ್ಕಿಂತ ಕಡಿಮೆ. ಒಂದೊಂದಾಗಿ ಬದಲಿಸಿ. ಹಳದಿ ಸ್ಪ್ಯಾನರ್ ಗುರುತು ಯಂತ್ರದ ದೋಷ. ಪರದೆಯ ಬರಹ ಓದಿ ಫೋನ್ ಮಾಡಿ. ಕೆಂಪು ಹೃದಯದ ಗುರುತು ಎಂದರೆ ಹರಿವು ನಿಮಿಷಕ್ಕೆ 2.5 ಲೀಟರಿಗಿಂತ ಇಳಿದಿದೆ ಅಥವಾ ಪಂಪ್ ನಿಂತಿದೆ. ಆಗ ವೈರುಗಳೆಲ್ಲ ಬಿಗಿಯಾಗಿವೆಯೇ ನೋಡಿ. ರೋಗಿಯ ಎಡ ಎದೆಗೆ ಸ್ಟೆತಾಸ್ಕೋಪ್ ಅಥವಾ ಕಿವಿ ಇಟ್ಟು ಗುಂಯ್ ಎಂಬ ಸದ್ದು ಕೇಳಿ. ಸದ್ದಿದ್ದರೆ ಕಂಟ್ರೋಲರ್ ಬದಲಿಸಲು ಹೋಗಬೇಡಿ, ಕೋಆರ್ಡಿನೇಟರ್‌ಗೆ ಫೋನ್ ಮಾಡಿ. ಸದ್ದಿಲ್ಲ, ವೈರು, ಬ್ಯಾಟರಿ ಎಲ್ಲ ಸರಿಯಿವೆ ಎಂದಾದರೆ ಬದಲಿ ಕಂಟ್ರೋಲರ್ ಹೊರತೆಗೆದು ಅದಕ್ಕೆ ಬ್ಯಾಟರಿ ಹಾಕಿ, ಎರಡೂ ಕಂಟ್ರೋಲರ್‌ಗಳ ಲಾಕನ್ನು ಸರಿಸಿ, ಹಳೆಯದರ ಕೆಂಪು ಗುಂಡಿ ಒತ್ತಿ ಡ್ರೈವ್‌ಲೈನ್ ಎಳೆದು ಹೊಸದಕ್ಕೆ ಸೇರಿಸಿ. ಪಂಪ್ ತಾನಾಗಿ ಶುರುವಾಗಬೇಕು. ಎಷ್ಟು ಹೊತ್ತಿಗೆ ನಿಂತಿತು ಎಂದು ಗಡಿಯಾರ ನೋಡಿಟ್ಟುಕೊಳ್ಳಿ, ಡಾಕ್ಟರ್ ಮೊದಲು ಕೇಳುವುದು ಅದನ್ನೇ. ಈ ಬದಲಾವಣೆಯನ್ನು ಆಸ್ಪತ್ರೆಯ ಮಾದರಿ ಯಂತ್ರದ ಮೇಲೆ ಕಣ್ಣು ಮುಚ್ಚಿಕೊಂಡು ಮಾಡುವಷ್ಟು ಅಭ್ಯಾಸ ಮಾಡದೆ ಡಿಸ್ಚಾರ್ಜ್ ಮಾಡಿಸಿಕೊಳ್ಳಬೇಡಿ.

ಪಂಪ್ ಒಂದೇ ಸಮನೆ ರಕ್ತ ಹರಿಸುವುದರಿಂದ ಇವರ ಕೈಯಲ್ಲಿ ನಾಡಿ ಸಿಗದೇ ಇರಬಹುದು. ಮನೆಯ ಬಿಪಿ ಮಷೀನ್ ಎರರ್ ತೋರಿಸುತ್ತದೆ, ಬೆರಳಿನ ಆಕ್ಸಿಮೀಟರ್ ಅಂಕಿಯನ್ನು ನಂಬುವಂತಿಲ್ಲ. ಬಿಪಿಯನ್ನು ರಕ್ತ ಹರಿಯುವ ಸದ್ದು ಕೇಳಿಸುವ ಡಾಪ್ಲರ್‌ನಿಂದ ನೋಡಬೇಕು; ಸರಾಸರಿ ಒತ್ತಡ 70ರಿಂದ 90ರೊಳಗೆ ಇದ್ದರೆ ಒಳ್ಳೆಯದು. ಇದನ್ನು ತಿಳಿಯದ ಬಡಾವಣೆಯ ಕ್ಲಿನಿಕ್ಕಿನಲ್ಲಿ ನಾಡಿಯಿಲ್ಲ ಎಂದು ಗಾಬರಿ ಬಿದ್ದಾರು. ಡಿಸ್ಚಾರ್ಜ್ ಆದ ವಾರದಲ್ಲೇ ಹತ್ತಿರದ ಡಾಕ್ಟರರಿಗೆ, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಗೆ, ಕೆಳಮನೆಯವರಿಗೆ ಈ ಮಾತು ಹೇಳಿಟ್ಟಿರಿ.

ರೋಗಿ ಪ್ರಜ್ಞೆ ತಪ್ಪಿದರೆ ನಾಡಿ ಹುಡುಕುತ್ತಾ ಕೂರಬೇಡಿ. ಉಸಿರು, ತುಟಿಯ ಬಣ್ಣ, ಎದೆಯ ಸದ್ದು ನೋಡಿ. ಸಕ್ಕರೆ ಕಾಯಿಲೆಯಿದ್ದರೆ ಗ್ಲೂಕೋಮೀಟರ್‌ನಲ್ಲೂ ನೋಡಿ. ಬಾಯಿ ಸೊಟ್ಟಗಾಗಿದ್ದರೆ, ಕೈ ಎತ್ತಲಾಗದಿದ್ದರೆ ಪಾರ್ಶ್ವವಾಯು ಇರಬಹುದು. ಉಸಿರಿಲ್ಲ, ಪಂಪ್ ನಿಂತಿದೆ, ಮತ್ತೆ ಶುರು ಮಾಡಲೂ ಆಗುತ್ತಿಲ್ಲ ಎಂದಾದರೆ ಎದೆ ಒತ್ತುವುದನ್ನು ಶುರು ಮಾಡಬೇಕು. ಪಂಪ್ ಜರುಗೀತು ಎಂಬ ಭಯಕ್ಕೆ ಸುಮ್ಮನಿರಬಾರದು. ಶಾಕ್ ಕೊಡಬೇಕಾದರೆ ಆಂಬುಲೆನ್ಸಿನವರು ಕೊಡಬಹುದು, ಅದಕ್ಕಾಗಿ ಕಂಟ್ರೋಲರ್ ಬಿಚ್ಚುವುದು ಬೇಡ. 108ಕ್ಕೆ ಫೋನ್ ಮಾಡಿ ಮೊದಲ ವಾಕ್ಯದಲ್ಲೇ ಹೇಳಿ: “ಇವರಿಗೆ ಎಲ್‌ವ್ಯಾಡ್ ಇದೆ, ನಾಡಿ ಸಿಗುವುದಿಲ್ಲ, ಆಪರೇಷನ್ ಮಾಡಿದ ಆಸ್ಪತ್ರೆಗೇ ಒಯ್ಯಬೇಕು.” ಹೊರಡುವಾಗ ಆ ಬ್ಯಾಗನ್ನೂ ಪವರ್ ಯೂನಿಟ್ಟನ್ನೂ ಗಾಡಿಗೆ ಹಾಕಿಕೊಳ್ಳಿ. ಈ ಪಂಪಿಗೆ ಹೊಂದುವ ಬ್ಯಾಟರಿ ಯಾವ ಆಂಬುಲೆನ್ಸಿನಲ್ಲೂ ಇರುವುದಿಲ್ಲ.